ತೊಗರಿ ದರಕ್ಕೊಂದು ಗೆರೆ

ಕಲಬುರಗಿ ಎಪಿಎಂಸಿಯ ತೊಗರಿ ದರ ನಮ್ಮ ಕಾಕಾನ ವಾಟ್ಸಾಪ್‌ಗೆ ಬರುತ್ತಲೇ ಇರುತ್ತದೆ. ಕನಿಷ್ಠ, ಗರಿಷ್ಠ, ಬರೀ ಅಂಕಿ. ಓದುತ್ತಾರೆ, ಮರೆಯುತ್ತಾರೆ. ಅದನ್ನೇ ಎಕ್ಸೆಲ್‌ಗೆ ಹಾಕಿ ಒಂದು ಗ್ರಾಫ್ ಮಾಡಿ ತೋರಿಸಿದರೆ, ಹೊಸ ಬೆಳೆ ಬರುವ ಡಿಸೆಂಬರ್, ಜನವರಿ ಹೊತ್ತಿಗೆ ದರ ಇಳಿಯಿತಾ, ಹೋದ ವರ್ಷಕ್ಕಿಂತ ಬೇಗ ಇಳಿಯಿತಾ ಅನ್ನೋದು ಒಂದೇ ನೋಟಕ್ಕೆ ಸಿಗುತ್ತದೆ.

ಇದು ಕಂಪ್ಯೂಟರ್ ಕಾಲದ ಐಡಿಯಾ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ವ್ಯಾಪಾರದ ಲೆಕ್ಕವನ್ನು ಗೆರೆ, ಕಂಬಗಳಲ್ಲಿ ಬಿಡಿಸಿದ್ದ. 1854ರ ಲಂಡನ್ ಕಾಲರಾದ ಸಾವುಗಳನ್ನು ಡಾಕ್ಟರ್ ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿದಾಗ, ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತಲೇ ಅವು ಜಾಸ್ತಿ ಇದ್ದವು. ನನಗಂತೂ ಹೆಚ್ಚು ಇಷ್ಟ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೂಂಬ್ 1973ರಲ್ಲಿ ತೋರಿಸಿದ್ದು: ಅಂಕಿಗಳ ನಾಲ್ಕು ಪಟ್ಟಿ, ಸರಾಸರಿ ಹೆಚ್ಚುಕಮ್ಮಿ ಒಂದೇ, ಚಿತ್ರ ಬಿಡಿಸಿದರೆ ಮಾತ್ರ ನಾಲ್ಕಕ್ಕೂ ನಾಲ್ಕು ಆಕಾರ. ಸರಾಸರಿ ನಂಬಿ ಕೂತರೆ ಕೆಟ್ಟೆವು, ಅಲ್ವಾ?

ಚಿತ್ರದಲ್ಲೂ ಮೋಸ ಮಾಡಬಹುದು, ಸುಲಭವಾಗಿ. ಕಂಬಗಳನ್ನು ಸೊನ್ನೆಯ ಬದಲು 7,000ದಿಂದ ಶುರು ಮಾಡಿ, 7,100 ಇದ್ದ ದರ 7,200 ಆದರೆ ದುಪ್ಪಟ್ಟಾದಂತೆ ಕಾಣುತ್ತದೆ. ಅದಕ್ಕೇ ಕಾಕಾಗೆ ಹೇಳಿದ್ದೇನೆ: ಮೊದಲು ಪಕ್ಕದ ಅಂಕಿ ನೋಡಿ, ಆಮೇಲೆ ಕಂಬ.