ಕೆರೆಯಲ್ಲಿ ಕಲಿತ ಹುಟ್ಟು, ಕಡಲಂಚಿನ ಡೇರೆ

ತುಮಕೂರಿನಿಂದ ಹೊರಟ ಹಳೆಯ 206ನೇ ಹೆದ್ದಾರಿ ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ನಮ್ಮ ಕಡೆಯ ಕೆರೆಗಳಲ್ಲಿ ಹುಟ್ಟು ಹಾಕಲು ಕಲಿತು, ಕಯಾಕ್ (ಕೂತು ಹುಟ್ಟು ಹಾಕುವ ಕಿರಿದಾದ ಹಗುರ ದೋಣಿ) ಗಾಡಿಗೆ ಕಟ್ಟಿಕೊಂಡು ಆ ದಾರಿ ಹಿಡಿಯುವವರು ಒಂದನ್ನು ಮರೆಯಬಾರದು. ಸಂಜೆ ಎಲ್ಲಿತ್ತೋ ಬೆಳಿಗ್ಗೆಯೂ ಕೆರೆ ನೀರು ಅಲ್ಲೇ ಇರುತ್ತದೆ, ಕಡಲು ಹಾಗಲ್ಲ. ಡೇರೆ, ದೋಣಿ, ಒಲೆ, ಬಹಿರ್ದೆಸೆ ಎಲ್ಲವನ್ನೂ ತೀರ್ಮಾನಿಸುವುದು ಉಬ್ಬರದ ಗೆರೆ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಮಧ್ಯಾಹ್ನದ ಒದ್ದೆ ಗೆರೆ ನೋಡಿ, ಎರಡು ಹೆಜ್ಜೆ ಬಿಟ್ಟು ಮಲಗಿದವರ ಹಾಸಿಗೆಗೆ ನಡುರಾತ್ರಿ ನೀರು ಬರುವುದು ಇದಕ್ಕೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದು ಇನ್ನೂ ಮೇಲೇರುತ್ತದೆ. ಒದ್ದೆ ಮರಳನ್ನು ಬಿಟ್ಟು ಕಸದ ಗೆರೆ ಹುಡುಕಿ: ಒಣಗಿ ಕರಿದಾದ ಪಾಚಿ, ಗಾಳಿಮರದ ಕಾಯಿ, ತೆಂಗಿನ ಸಿಪ್ಪೆ, ಹರಿದ ಬಲೆಯ ನೂಲು ಸಾಲಾಗಿ ಬಿದ್ದಿರುತ್ತವೆ. ಎರಡು ಮೂರು ಸಾಲಿದ್ದರೆ ಎಲ್ಲಕ್ಕಿಂತ ಮೇಲಿನದೇ ಲೆಕ್ಕ. ಅದಕ್ಕಿಂತ ಮೇಲೆ, ಅಡುಂಬು ಬಳ್ಳಿ ಹಬ್ಬಿದ ದಿಬ್ಬಕ್ಕಿಂತ ಕೆಳಗೆ ಬರಿ ಮರಳಿನ ಪಟ್ಟಿ ಸಿಕ್ಕರೆ ಡೇರೆ ಅಲ್ಲಿ. ಸಿಗದಿದ್ದರೆ ಮುಂದಿನ ದಂಡೆಗೆ ಹೋಗಿ, ಬಳ್ಳಿಯ ಮೇಲೆ ಮಾತ್ರ ಬೇಡ. ದಿಬ್ಬವನ್ನು ಹಿಡಿದಿಟ್ಟಿರುವುದೇ ಅದರ ಬೇರು. ಒಮ್ಮೆ ದೋಣಿ ಎಳೆದರೆ ಬಳ್ಳಿ ಕಿತ್ತು ಬರುತ್ತದೆ, ಆಮೇಲೆ ಅಲ್ಲಿನ ಮರಳು ಗಾಳಿಗೆ ಹೋಗುತ್ತದೆ. ಸಾಮಾನು ತುಂಬಿದ ದೋಣಿ ಎತ್ತಲಾಗದೆಯೇ ಜನ ಎಳೆಯುವುದು. ನೀರಿನಂಚಿನಲ್ಲೇ ಸಾಮಾನು ಇಳಿಸಿ, ಖಾಲಿ ದೋಣಿಯನ್ನು ಇಬ್ಬರು ಹೊತ್ತು ತನ್ನಿ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ನೀರು. ಎರಡು ದಿನಕ್ಕೆ 8 ಕೆಜಿ ಭಾರ. ಒಂದೇ ಕ್ಯಾನಿನಲ್ಲಿ ಬೇಡ, ಸೋರಿದರೆ ಎಲ್ಲವೂ ಹೋಯಿತು. ನಾಲ್ಕು ಚೀಲ ಮಾಡಿ, ಸೀಟಿನ ಬೆನ್ನಿಗೆ ಒತ್ತಿ ತಳಕ್ಕೆ ಇಡಿ. ಹಿಂತುದಿ ಭಾರವಾದರೆ ಗಾಳಿ ದೋಣಿಯ ಮೂತಿಯನ್ನು ತಾನು ಬೀಸಿ ಹೋಗುವ ದಿಕ್ಕಿಗೆ ತಳ್ಳುತ್ತದೆ, ಮುಂತುದಿ ಭಾರವಾದರೆ ದೋಣಿ ಗಾಳಿಗೆ ಎದುರಾಗಿ ತಿರುಗುತ್ತಲೇ ಇರುತ್ತದೆ. ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ, ತಿಪಟೂರು ಕೊಬ್ಬರಿ ಸಾಕು. ಬೆಂಕಿ ಬೇಡ, ಪಾತ್ರೆ ತೊಳೆಯುವ ನೀರೂ ಉಳಿಯಿತು. ಬಿಸಿ ಬೇಕೆಂದರೆ ಸಣ್ಣ ಗ್ಯಾಸ್ ಸ್ಟೌ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.

ಬಹಿರ್ದೆಸೆಯ ವಿಷಯ ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ಆದರೆ ದಂಡೆ ಹೆಚ್ಚು ಕೆಡುವುದು ಇದರಿಂದಲೇ. ಬರಿ ಮರಳಿನಲ್ಲಿ ಕೊಳೆಸುವ ಜೀವಾಣುಗಳು ಕಡಿಮೆ, ಹೂತದ್ದು ಬೇಗ ಮಣ್ಣಾಗುವುದಿಲ್ಲ, ಅಲೆ ಬಂದರೆ ಮೇಲೇಳುತ್ತದೆ. ಅದಕ್ಕೇ ಹೂಳದೆ ವಾಪಸ್ ತರಲು ನಾಲ್ಕು ಇಂಚಿನ ಪಿವಿಸಿ ಪೈಪನ್ನು ಒಂದೂವರೆ ಅಡಿ ಕತ್ತರಿಸಿ, ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ತಿರುಪಿನ ಮುಚ್ಚಳ ಹಾಕಿ. ಕಾಗದದಲ್ಲಿ ಸುತ್ತಿದ್ದನ್ನು ಚೀಲಕ್ಕೆ ಹಾಕಿ, ಒಂದು ಹಿಡಿ ಒಲೆ ಬೂದಿ ಉದುರಿಸಿ ಪೈಪಿನೊಳಗೆ ಇಳಿಸಿದರೆ ವಾಸನೆ ಬರುವುದಿಲ್ಲ. ಊರಿಗೆ ತಂದು ಶೌಚಾಲಯಕ್ಕೆ ಸುರಿಯಿರಿ, ಚೀಲ ಬೇರೆ ಎಸೆಯಿರಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಗಳಿವೆ, ಹೊನ್ನಾವರದ ಕಾಸರಕೋಡು ಅಂಥದ್ದು. ಅಲ್ಲಿ ಡೇರೆಯೇ ಬೇಡ. ಬೇರೆಡೆ ತಂಗಿದರೂ ಬಿಳಿ ಟಾರ್ಚ್ ಹಚ್ಚಬೇಡಿ. ಮರಿಗಳು ಬೆಳಕನ್ನೇ ಕಡಲೆಂದು ತಿಳಿದು ಒಳನಾಡಿನತ್ತ ಹರಿಯುತ್ತವೆ. ಮಂದವಾದ ಕೆಂಪು ಬೆಳಕು ಸಾಕು. ತಂಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಕೇಳಿ, ಹತ್ತಿರದ ಮೀನುಗಾರರಿಗೂ ತಿಳಿಸಿ.

ಜೂನ್‌ನಿಂದ ಸೆಪ್ಟೆಂಬರ್ ನೀರಿಗೆ ಇಳಿಯುವ ಕಾಲವೇ ಅಲ್ಲ. ಉಳಿದ ತಿಂಗಳಲ್ಲೂ ಹನ್ನೊಂದರ ಹೊತ್ತಿಗೆ ಕಡಲ ಗಾಳಿ ಏಳುವ ಮುನ್ನ ದಡ ಸೇರಿರಬೇಕು. ಬೆಳಗಿನ ನೆಲಗಾಳಿ ಹೊರಕ್ಕೆ ತಳ್ಳುತ್ತದೆ, ದಂಡೆಯ ಹತ್ತಿರವೇ ಹೋಗಿ. ನದಿ ಕಡಲು ಸೇರುವ ಅಳಿವೆ ದಾಟುವುದನ್ನು ಇಳಿತದಲ್ಲಿ ಮಾಡಲೇಬೇಡಿ: ಹೊರಹರಿವ ನದಿನೀರು ಒಳಬರುವ ಅಲೆಗೆ ಎದುರಾಗಿ, ನಿಂತಲ್ಲೇ ಮುರಿಯುವ ಕಡಿದಾದ ಅಲೆಗಳು ಏಳುತ್ತವೆ. ಉಬ್ಬರ ತುಂಬಿ ನೀರು ನಿಂತಂತಾಗುವ ಹೊತ್ತಿಗೆ ಕಾಯ್ದು ದಾಟಿ.