ಮೀಸೆ ಇತ್ತೇ?

ನಮ್ಮ ಮನೆ ಇರುವುದು ಮುರುಗೇಶಪಾಳ್ಯದಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಯ ಪಡುವಣ ತುದಿಗೆ ಹತ್ತಿರ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ವಿಮಾನಗಳು ಗಾಳಿಗೆ ಎದುರಾಗಿಯೇ ಇಳಿಯಬೇಕಾದ್ದರಿಂದ ಆಗೆಲ್ಲ ದೊಮ್ಮಲೂರಿನ ಕಡೆಯಿಂದ ನಮ್ಮ ತಾರಸಿಯ ಮೇಲೆಯೇ ಬರುತ್ತವೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದಾಗ ಬೀದಿಯವರೆಲ್ಲ ಸದ್ಯ ಗಲಾಟೆ ತಪ್ಪಿತು ಎಂದರು. ನನಗೂ ಬೇಸರವಾಗಲಿಲ್ಲ. ಹೋದವು ಒಂದರಂತೆ ಒಂದಿರುವ ಬೋಯಿಂಗ್, ಏರ್‌ಬಸ್‌ಗಳು. ಉಳಿದವು ಸೇನೆಯವು, ಸಿರಿವಂತರವು, ಇನ್ನೂ ಪರೀಕ್ಷೆಯಲ್ಲಿರುವವು. ಕತ್ತೆತ್ತಿ ನೋಡಬೇಕಾದವು ಇವೇ.

2011ರ ಜನವರಿಯ ಒಂದು ಸಂಜೆ. ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದೆ. ಪಡುವಣದಿಂದ ಒಂದು ಸದ್ದು ಬಂತು. ಸಾಮಾನ್ಯ ಪ್ರೊಪೆಲ್ಲರ್ ವಿಮಾನದ ಗುಂಯ್ ಅಲ್ಲ. ಗರಗಸಕ್ಕೆ ತಗಡು ಸಿಕ್ಕಂಥ ಕರ್ಕಶ. ಆ ಸದ್ದು ನನಗೆ ಗೊತ್ತಿತ್ತು. ಪ್ರೊಪೆಲ್ಲರ್ ಮುಂದೆ ನಿಂತು ಎಳೆಯದೆ ಹಿಂದಿನಿಂದ ನೂಕುವ ವಿಮಾನದಲ್ಲಿ ಎಂಜಿನ್ನಿನ ಬಿಸಿ ಹೊಗೆಯನ್ನೇ ಅಲಗುಗಳು ಸೀಳುತ್ತಾ ಹೋಗುತ್ತವೆ. ಒಳಗೆ ಕುಳಿತವರಿಗೆ ಸದ್ದು ಕಡಿಮೆ, ಕೆಳಗೆ ನಿಂತವರಿಗೆ ಹೆಚ್ಚು. ತಲೆಯೆತ್ತಿದರೆ ಬಿಳಿಯ ಮೈ, ಟಿ ಅಕ್ಷರದಂಥ ಬಾಲ, ಹಿಂಬದಿಯಲ್ಲಿ ಎರಡು ಪ್ರೊಪೆಲ್ಲರ್.

ಸಾರಸ್!

ಎದೆ ಹೊಡೆದುಕೊಂಡಿತು. ಕಾರಣವಿತ್ತು. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ರೂಪಿಸಿದ ಈ ಹದಿನಾಲ್ಕು ಆಸನದ ವಿಮಾನ 2004ರ ಮೇ 29ರಂದು ಮೊದಲು ಹಾರಿದ್ದು ಇದೇ ರನ್‌ವೇಯಿಂದ. ಆಮೇಲೆ ನಮ್ಮ ತಲೆಯ ಮೇಲೆ ಎಷ್ಟೋ ಸಲ ಹೋಗಿತ್ತು. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿ ಬಿಡದಿಯ ಬಳಿ ಬಿದ್ದು, ಅದರಲ್ಲಿದ್ದ ಮೂವರೂ ತೀರಿಕೊಂಡರು. ಅಂದಿನಿಂದ ಆ ಸದ್ದು ಕೇಳಿರಲಿಲ್ಲ. ಮತ್ತೆ ಕೇಳಿಸುತ್ತದೆ ಎಂದು ಕಾಯುತ್ತಿದ್ದವರಲ್ಲಿ ನಾನೂ ಒಬ್ಬ. ಮೊಬೈಲ್ ತೆಗೆದು ಒಂದು ಚಿತ್ರ ಹಿಡಿಯುವಷ್ಟರಲ್ಲಿ ಅದು ತೆಂಗಿನ ಮರಗಳ ಹಿಂದೆ ಮರೆಯಾಯಿತು. ಬಟ್ಟೆ ತಂತಿಯ ಮೇಲೆಯೇ ಉಳಿಯಿತು. ಮೆಟ್ಟಿಲಲ್ಲಿ ಇಳಿಯುತ್ತಲೇ ನಾಲ್ಕು ಜನರಿಗೆ ಸಂದೇಶ ಕಳಿಸಿಬಿಟ್ಟೆ.

ಕೆಳಗೆ ಮಾವ, ನನ್ನ ಅಮ್ಮನ ಅಣ್ಣ, ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಸುದ್ದಿ ಕೇಳಿ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಕಾಯಿಯ ಸೊಗಡು ಮೂಸುತ್ತಾ, "ಮೀಸೆ ಇತ್ತೇ?" ಎಂದರು.

"ಏನು ಮೀಸೆ ಮಾವ?"

"ವಿಮಾನಕ್ಕೆ. ಮೂತಿಯ ಹತ್ತಿರ."

ಮೂತಿಯನ್ನು ಯಾರು ನೋಡಿದರು! ಬಾಲ ನೋಡಿದ್ದೆ, ಪ್ರೊಪೆಲ್ಲರ್ ನೋಡಿದ್ದೆ. ಉಳಿದದ್ದನ್ನು ನನ್ನ ಆಸೆಯೇ ಬರೆದುಕೊಂಡಿತ್ತು. ಮಾವ ಮೊರದ ಮೇಲಿನ ಕಾಳನ್ನು ಪಕ್ಕಕ್ಕೆ ಸರಿಸಿ, ಒಂದು ದಪ್ಪ ಕಾಯನ್ನು ಮಲಗಿಸಿದರು. ಅಡ್ಡಲಾಗಿ ಎರಡು ಸಿಪ್ಪೆ ಇಟ್ಟರು. "ಇದು ಸಾರಸ್. ರೆಕ್ಕೆ ಹೊಟ್ಟೆಯ ಕೆಳಗೆ. ಎಂಜಿನ್ ರೆಕ್ಕೆಯ ಮೇಲಿಲ್ಲ, ಬೆನ್ನ ಹಿಂದೆ, ಬಾಲದ ಮುಂದೆ, ಮೈಗೆ ಅಂಟಿಕೊಂಡಂತೆ." ಎರಡು ಕಾಳು ಅಲ್ಲಿ ಬಂದವು. ಪಕ್ಕದಲ್ಲಿ ಇನ್ನೊಂದು ಕಾಯಿ. ಇದರ ರೆಕ್ಕೆಯನ್ನು ಬಹಳ ಹಿಂದಕ್ಕೆ ಇಟ್ಟು, ಕಾಳುಗಳನ್ನು ರೆಕ್ಕೆಯ ಮೇಲೆಯೇ ಕೂರಿಸಿದರು. ಕೊನೆಗೆ ಸಿಪ್ಪೆಯ ನಾರು ಕಿತ್ತು ಮೂತಿಗೆ ಅಡ್ಡ ಇಟ್ಟರು. "ಇದು ಇಟಲಿಯದು. ಪಿಯಾಜಿಯೊ ಅವಂತಿ. ಮೂರು ಜೊತೆ ರೆಕ್ಕೆ."

ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಮಸುಕು. ಆದರೂ ಮೂತಿಯ ಎರಡೂ ಬದಿಗೆ ಕಡ್ಡಿಯಂಥ ಗೀಟು ಕಾಣುತ್ತಿತ್ತು. ಪರೀಕ್ಷಾ ವಿಮಾನಗಳಿಗೆ ಗಾಳಿಯ ವೇಗ ಅಳೆಯುವ ಕೋಲು ಮೂತಿಯಲ್ಲಿ ಇರುವುದುಂಟಲ್ಲ ಎಂದು ನಾನು ಕೊನೆಯ ವಾದ ಹೂಡಿದೆ. "ಕೋಲು ಮುಂದಕ್ಕೆ ಚಾಚಿರುತ್ತದೆ, ಅಡ್ಡಕ್ಕಲ್ಲ" ಎಂದರು ಮಾವ. ಅಲ್ಲಿಗೆ ಮುಗಿಯಿತು.

ಮೀಸೆ ಯಾಕೆ ಬೇಕು ಎಂದು ಕೇಳಿದೆ, ಸೋಲಿನ ಮಾತು ಬದಲಿಸಲು. ಮಾಮೂಲಿ ವಿಮಾನದ ಬಾಲ ಸಮತೋಲಕ್ಕಾಗಿ ಕೆಳಕ್ಕೆ ಒತ್ತುತ್ತಿರುತ್ತದೆ, ಆ ಭಾರವನ್ನೂ ದೊಡ್ಡ ರೆಕ್ಕೆಯೇ ಹೊರಬೇಕು. ಮೂತಿಯ ಕಿರುರೆಕ್ಕೆಯಾದರೆ ಮೇಲಕ್ಕೆ ಎತ್ತುತ್ತದೆ, ಹಾಗಾಗಿ ದೊಡ್ಡ ರೆಕ್ಕೆಯನ್ನು ಚಿಕ್ಕದು ಮಾಡಬಹುದು ಎಂದು ವಿವರಿಸಿದರು. ಅವಂತಿ ಪ್ರೊಪೆಲ್ಲರ್ ಇಟ್ಟುಕೊಂಡೂ ಸಣ್ಣ ಜೆಟ್‌ಗಳ ಬೆನ್ನು ಹತ್ತುವುದು ಇಂಥ ಉಪಾಯಗಳಿಂದಲೇ. ಅದು ಹಾರಿದ 1986ರಲ್ಲಿಯೇ ಅಮೆರಿಕದ ಬೀಚ್ ಸ್ಟಾರ್‌ಶಿಪ್ ಕೂಡ ಹಾರಿತು: ಮುಂದೆ ಕಿರುರೆಕ್ಕೆ, ಹಿಂದೆ ಪ್ರೊಪೆಲ್ಲರ್, ಬಾಲವೇ ಇಲ್ಲ. ಕಟ್ಟಿದ್ದು 53 ಮಾತ್ರ. ನನಗೆ ಅವಂತಿಗಿಂತ ಅದೇ ಚೆಲುವಾಗಿ ಕಾಣುತ್ತದೆ. ಚೆಲುವಾದದ್ದೆಲ್ಲ ಮಾರಾಟವಾಗುವುದಿಲ್ಲ, ಬಿಡಿ.

ಮಾವ ಅಲ್ಲಿಂದ ಎಚ್‌ಎಎಲ್‌ನ ಮಾರುತ ಯುದ್ಧವಿಮಾನಕ್ಕೆ ಜಿಗಿದರು. ಅವರ ಎಲ್ಲ ಮಾತೂ ಅಲ್ಲಿಗೇ ಹೋಗಿ ಸೇರುತ್ತದೆ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಅದನ್ನು ರೂಪಿಸುವಾಗ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿಸಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿದ್ದರು. "ಎಂಜಿನ್ ಇಲ್ಲ, ಸದ್ದೂ ಇಲ್ಲ. ಅದನ್ನು ನೋಡಿದ್ದರೆ ಏನೆಂದು ಸಂದೇಶ ಕಳಿಸುತ್ತಿದ್ದೆ?" ಎಂದು ನಕ್ಕರು.

ನಾಲ್ವರಿಗೂ ತಪ್ಪೊಪ್ಪಿಗೆ ಬರೆದೆ. ನನ್ನ ಪೆಚ್ಚು ಮುಖ ನೋಡಿ ಮಾವನಿಗೆ ಕನಿಕರವಾಗಿರಬೇಕು. "ನಿನ್ನ ಕಿವಿ ತಪ್ಪಿಲ್ಲ. ಎರಡಕ್ಕೂ ಪಿಟಿ6 ಎಂಜಿನ್ನೇ, ಕೆನಡಾದ್ದು. ದಾಯಾದಿಗಳ ದನಿ ಒಂದೇ ಇರುತ್ತದೆ" ಎಂದರು. ಆಮೇಲೆ ಎರಡೂ ವಿಮಾನಗಳನ್ನು ಸುಲಿದು ಕಾಳನ್ನು ಪಾತ್ರೆಗೆ ಹಾಕಿದರು. ರಾತ್ರಿ ಹಿತಕಿದ ಅವರೆಬೇಳೆ ಸಾರು.

2018ರ ಜನವರಿ 24ರಂದು ನಾನು ಕಚೇರಿಯಲ್ಲಿದ್ದೆ. ಮೊಬೈಲ್ ರಿಂಗಾಯಿತು. ಮಾವ ಹಲೋ ಕೂಡ ಹೇಳಲಿಲ್ಲ.

"ಈಗ ತಾನೇ ತಲೆಯ ಮೇಲೆ ಇಳಿದು ಹೋಯಿತು ಕಣೋ. ಮೀಸೆ ಇರಲಿಲ್ಲ."