ಎಂಟನೇ ಸುತ್ತು

ಏಳು ಸುತ್ತಿನ ಕೋಟೆ ದುರ್ಗದ ಮಕ್ಕಳಿಗೆಲ್ಲ ಬಾಯಿಪಾಠ. ನಮ್ಮ ಪಿಯುಸಿ ತರ್ಕಶಾಸ್ತ್ರದ ಪಾಠಗಳಲ್ಲಿ ಇಂದಿಗೂ ನೆನಪಿನಲ್ಲಿ ನಿಂತಿರುವುದು ‘ಕೋಟೆಗೆ ಎಂಟನೇ ಸುತ್ತು ಇಲ್ಲ’ ಎಂಬ ವಾಕ್ಯ.

ವಾಕ್ಯವೇನೋ ನಿಜ. ಆದರೆ ಯಾವುದರ ಬಗ್ಗೆ? ಇರವು ಎನ್ನುವುದು ಎತ್ತರ, ಬಣ್ಣಗಳಂತೆ ಒಂದು ಗುಣವಾದರೆ, ಆ ಗುಣವಿಲ್ಲದ ಸುತ್ತನ್ನು ಮೊದಲು ತೋರಿಸಬೇಕು. ತೋರಿಸಿದರೆ ಅದು ಇದ್ದಂತಾಯಿತು, ವಾಕ್ಯ ಸುಳ್ಳಾಯಿತು. ತೋರಿಸದಿದ್ದರೆ ಮಾತು ಯಾವುದರ ಮೇಲೂ ನಿಲ್ಲುವುದಿಲ್ಲ.

ಮನಸ್ಸಿನ ನೂರು ನಾಣ್ಯಕ್ಕೂ ಕೈಯಲ್ಲಿರುವ ನೂರಕ್ಕೂ ಪರಿಕಲ್ಪನೆಯಲ್ಲಿ ಒಂದು ಕಾಸೂ ಹೆಚ್ಚುಕಮ್ಮಿಯಿಲ್ಲ, ಅಂದರೆ ಇರವು ಗುಣವಲ್ಲ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1781ರಲ್ಲೇ ತೋರಿಸಿದ್ದ. ಗಂಟು ಬಿಡಿಸಿದವನು ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ. ಇದೆ ಎನ್ನುವುದೆಂದರೆ ಸೊನ್ನೆಯನ್ನು ಅಲ್ಲಗಳೆಯುವುದು ಎಂದ, 1884ರಲ್ಲಿ. ‘ಏಳನ್ನೂ ಎಣಿಸಿದ ಮೇಲೆ ಉಳಿಯುವ ಸುತ್ತು’ ಎಂದು ಲಕ್ಷಣ ಬರೆದುಕೊಳ್ಳಿ. ಅದಕ್ಕೆ ಹೊಂದುವವು ಎಷ್ಟು? ಸೊನ್ನೆ. ಮಾತು ಸುತ್ತಿನ ಮೇಲಲ್ಲ, ಲಕ್ಷಣದ ಮೇಲೆ.

ಇದನ್ನು ತರ್ಕದ ಸಂಕೇತಕ್ಕೆ ಇಳಿಸುವಾಗ ತಪ್ಪುವ ಜಾಗ ಒಂದೇ. ನಿಷೇಧದ ಚಿಹ್ನೆ ‘ಏನೋ ಒಂದಿದೆ’ ಎನ್ನುವ ಅಸ್ತಿತ್ವ ಚಿಹ್ನೆಯ ಎಡಕ್ಕಿರಬೇಕು. ಅದು ಒಳಗೆ ಸರಿದರೆ ‘ಎಂಟನೇ ಸುತ್ತಲ್ಲದ್ದು ಏನೋ ಒಂದಿದೆ’ ಎಂದಾಗುತ್ತದೆ. ಅದನ್ನು ನಿಜ ಮಾಡಲು ಚಂದ್ರವಳ್ಳಿಯ ಕೆರೆಯೊಂದೇ ಸಾಕು!

ಭಾರತೀಯ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ‘ಮೊಲದ ಕೊಂಬಿಲ್ಲ’ ಎಂಬುದನ್ನು ‘ಮೊಲದಲ್ಲಿ ಕೊಂಬಿನ ಅಭಾವ’ ಎಂದು ಬಿಡಿಸುತ್ತಾರೆ. ಮೊಲವೂ ಉಂಟು, ಕೊಂಬೂ ಉಂಟು, ಒಂದರಲ್ಲಿ ಇನ್ನೊಂದಿಲ್ಲ ಅಷ್ಟೆ. ಈ ಬಿಡಿಸುವಿಕೆ ನನಗೆ ಫ್ರೇಗೆಯದಕ್ಕಿಂತ ಹತ್ತಿರ. ಕನ್ನಡವೂ ‘ಇದು ಚಿನ್ನ ಅಲ್ಲ’, ‘ಚಿನ್ನ ಇಲ್ಲ’ ಎಂದು ಎರಡು ನಿಷೇಧಗಳನ್ನು ಬೇರೆಯಾಗಿಟ್ಟಿದೆ. ಆದರೆ ಇರವಿನ ನಿಷೇಧವೇ ಬೇರೆ ಎನ್ನಲು ಇದನ್ನೇ ಪುರಾವೆ ಮಾಡಿಕೊಳ್ಳಬಾರದು: ‘ಬರುವುದಿಲ್ಲ’, ‘ಎತ್ತರವಿಲ್ಲ’ ಎಂಬಲ್ಲೂ ಇದೇ ‘ಇಲ್ಲ’.

ಕಷ್ಟವಿರುವುದು ಹೆಸರುಗಳಲ್ಲಿ. ‘ಓಬವ್ವ ಈಗ ಇಲ್ಲ.’ ಬ್ರಿಟಿಷ್ ತತ್ತ್ವಜ್ಞಾನಿ ರಸೆಲ್‌ನ ದಾರಿ ಹಿಡಿದರೆ ಹೆಸರಿನ ಜಾಗದಲ್ಲಿ ‘ಕಿಂಡಿಯಲ್ಲಿ ಒನಕೆ ಹಿಡಿದು ಹೈದರನ ಸೈನಿಕರನ್ನು ತಡೆದವಳು’ ಎಂಬ ವರ್ಣನೆ ಇಡಬೇಕು. ಅದಕ್ಕೆ ಅಮೆರಿಕದ ತತ್ತ್ವಜ್ಞಾನಿ ಕ್ರಿಪ್ಕೆ 1970ರ ಉಪನ್ಯಾಸಗಳಲ್ಲಿ ಕೊಟ್ಟ ಪೆಟ್ಟು ಇಲ್ಲಿಗೂ ತಾಗುತ್ತದೆ: ಆ ದಿನ ಅವಳು ನೀರಿಗೆ ಹೋಗದೇ ಇದ್ದಿದ್ದರೂ ಅವಳು ಓಬವ್ವನೇ. ಹೆಸರು ವರ್ಣನೆಯಲ್ಲ, ಅವಳನ್ನೇ ಹಿಡಿಯುತ್ತದೆ. ಹಾಗಾದರೆ ‘ಇದ್ದಳು’ ಎಂದಾಗ ನಾವು ಲಕ್ಷಣವೊಂದಕ್ಕೆ ಹೊಂದುವವರನ್ನು ಎಣಿಸುತ್ತಿಲ್ಲ, ಅವಳ ಬಗ್ಗೆಯೇ ಏನನ್ನೋ ಹೇಳುತ್ತಿದ್ದೇವೆ. ಎಂಟನೇ ಸುತ್ತಿಗೆ ಸಾಕಾದ ಉತ್ತರ ಓಬವ್ವನಿಗೆ ಸಾಲದು.